ನಂಟರಿಲ್ಲದ ಊರು

ಸೈಕಲ್ ತುಳಿಯುವುದು ಅಂಥ ಕಷ್ಟದ ಕೆಲಸವೇನಲ್ಲ. ಆಗಿನ ಮೈಸೂರಿನಿಂದ ಯಾವ ದಿಕ್ಕಿಗೆ ಹೊರಟರೂ ಅರ್ಧ ಗಂಟೆಯೊಳಗೆ ಊರು ಮುಗಿದು ಸಾಲುಮರದ ರಸ್ತೆ ಸಿಗುತ್ತಿತ್ತು. ಎದುರಿಗೆ ಬರುತ್ತಿದ್ದವು ಎತ್ತಿನ ಗಾಡಿಗಳು, ಗಂಟೆಗೊಂದು ಬಸ್ಸು. ಕಷ್ಟವೆಲ್ಲ ಶುರುವಾಗುತ್ತಿದ್ದದ್ದು ಸಂಜೆ ಸೈಕಲ್ಲಿನಿಂದ ಇಳಿದ ಮೇಲೆ. ಎಲ್ಲಿ ಮಲಗುವುದು ಎನ್ನುವ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನೂ ನನ್ನ ಸ್ನೇಹಿತನೂ ಎರಡು ಬೇಸಿಗೆ ರಜೆಗಳನ್ನು ಕಳೆದೆವು. ತುಳಿದದ್ದಕ್ಕಿಂತ ಬರೆದದ್ದೇ ಹೆಚ್ಚು.

ಸ್ನೇಹಿತ ಎಂದರೆ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಯೋಗಕ್ಕೆ ನನ್ನ ಜೊತೆಗಾರ. ಇಲವಾಲದ ಆಚೆಯ ಒಂದು ಹಳ್ಳಿಯಿಂದ ದಿನವೂ ಹತ್ತು ಮೈಲಿ ಸೈಕಲ್ ತುಳಿದು ಬರುತ್ತಿದ್ದ, ಸಂಜೆ ಮತ್ತೆ ಹತ್ತು ಮೈಲಿ ತುಳಿದು ಹೋಗುತ್ತಿದ್ದ. ಸಂತೇಪೇಟೆಯ ಬೆಲ್ಲದ ಮಂಡಿಯವರ ಮಗನಾದ ನಾನು ಶೋಕಿಗೆ ಸೈಕಲ್ ಹೊಡೆಯುವವನು. ಅವನ ಮನೆ ಊರ ಹೊರಗಿನ ಕೇರಿಯಲ್ಲಿತ್ತು. ಹರಿಜನರ ಕೇರಿ ಎಂದು ಆಗ ಹೇಳುತ್ತಿದ್ದರು. ಮೈಸೂರಿನ ಹೋಟೆಲಿನಲ್ಲಿ ನಾವಿಬ್ಬರೂ ಒಂದೇ ಮೇಜಿನಲ್ಲಿ ಕೂತು ದೋಸೆ ತಿನ್ನುತ್ತಿದ್ದೆವು, ಯಾರೂ ಕೇಳುತ್ತಿರಲಿಲ್ಲ. ಅದನ್ನೇ ನಾನು ದೊಡ್ಡ ಕ್ರಾಂತಿ ಎಂದುಕೊಂಡಿದ್ದೆ.

ಯೂತ್ ಹಾಸ್ಟೆಲಿನ ವಿಷಯ ಕಂಡುಹಿಡಿದವನು ಅವನೇ. ಕಾಲೇಜಿನ ನೋಟೀಸ್ ಬೋರ್ಡಿನಲ್ಲಿ ಒಂದು ಕಾಗದ ಅಂಟಿಸಿದ್ದರು. ರಜೆಯಲ್ಲಿ ಕೆಲವು ತಾಲ್ಲೂಕು ಊರುಗಳ ಶಾಲೆಯ ಕೋಣೆಗಳನ್ನು ನಡೆದೋ ಸೈಕಲ್ಲಿನಲ್ಲೋ ಪ್ರವಾಸ ಮಾಡುವ ವಿದ್ಯಾರ್ಥಿಗಳಿಗೆ ಮಲಗಲು ಬಿಟ್ಟುಕೊಡುತ್ತಾರೆ, ಆಯಾ ಶಾಲೆಯ ಹೆಡ್‌ಮಾಸ್ತರೇ ವಾರ್ಡನ್, ಹದಿನೈದು ದಿನ ಮುಂಚೆ ಅರ್ಜಿ ಹಾಕಿ ಒಪ್ಪಿಗೆ ಪಡೆಯಬೇಕು. ಅವನು ಅರ್ಜಿಯ ನಮೂನೆಯನ್ನು ಎರಡು ಸಲ ಓದಿದ.

"ಎಸ್ರು, ವಯಸ್ಸು, ಕಾಲೇಜು. ಅಷ್ಟೇ ಕಣೋ. ಜಾತಿ ಕಾಲಮ್ಮೇ ಇಲ್ಲ," ಎಂದ.

"ಇಲ್ಲದಿದ್ರೆ ಏನೀಗ?" ಎಂದೆ ನಾನು.

"ನಿಂಗೆ ಏನೂ ಇಲ್ಲ ಬುಡು. ನಾನು ಯಾವ ಛತ್ರುಕ್ಕೋದ್ರೂ ಮೊದ್ಲು ಕೇಳೋದು ಅದನ್ನೇ. ಒಂದ್ಸಲ ನನ್ನೆಸ್ರಲ್ಲಿ ಕೊಟ್ಟಿರೋ ಜಾಗದಲ್ಲಿ, ನಿನ್ ಪಕ್ಕ ಚಾಪೆ ಆಕ್ಕೊಂಡು ಮಲೀಕೋಬೇಕು ಕಣೋ. ನೋಡ್ಬೇಕು ಎಂಗಿರುತ್ತೆ ಅಂತ."

ನಗುತ್ತಲೇ ಹೇಳಿದ. ಆದರೆ ಅಂದಿನಿಂದ ನಮ್ಮ ಪ್ರವಾಸದ ಗುರಿ ಬೆಟ್ಟವೂ ಆಗಿರಲಿಲ್ಲ, ಜಲಪಾತವೂ ಆಗಿರಲಿಲ್ಲ. ಶಾಲೆಯ ಕೋಣೆಯ ನೆಲವೇ ಗುರಿ.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ನಾವು ಜವಾಬಿ ಕಾರ್ಡುಗಳನ್ನು ತಂದು, ಒಂದರ್ಧದಲ್ಲಿ ಅರ್ಜಿ ಬರೆದು, ಉತ್ತರದ ಅರ್ಧಕ್ಕೆ ನಮ್ಮ ಮಂಡಿಯ ವಿಳಾಸ ಬರೆದು ಅಂಚೆಗೆ ಹಾಕಿದೆವು. ಒಬ್ಬ ಹೆಡ್‌ಮಾಸ್ತರು ಉತ್ತರಿಸಲೇ ಇಲ್ಲ. ಇನ್ನೊಬ್ಬರು, ಕೋಣೆಯಲ್ಲಿ ಪರೀಕ್ಷೆಯ ಉತ್ತರಪತ್ರಿಕೆಗಳಿವೆ, ಅವು ಇರುವ ತನಕ ಮನುಷ್ಯರಿಗೆ ಪ್ರವೇಶವಿಲ್ಲ ಎಂದರು. ಮೂರನೆಯವರು ಶಿಸ್ತಿನ ಮನುಷ್ಯ. ಬೀಡಿ ಸೇದಬಾರದು, ಗೋಡೆಯ ಮೇಲೆ ಬರೆಯಬಾರದು, ಶಾಲೆಯ ತೋಟದ ಪಪಾಯಿಗೆ ಕೈ ಹಾಕಬಾರದು ಎಂದು ನಿಯಮಗಳನ್ನು ಬರೆಯುತ್ತ ಬರೆಯುತ್ತ ಕಾರ್ಡು ಮುಗಿದುಹೋಗಿತ್ತು. ಜಾಗ ಇದೆಯೋ ಇಲ್ಲವೋ ತಿಳಿಸಲು ಅವರಿಗೇ ಜಾಗ ಉಳಿದಿರಲಿಲ್ಲ. ಆ ಕಾರ್ಡನ್ನು ಹಿಡಿದು ನಾನು ಹಲ್ಲು ಕಡಿದೆ. ಸ್ನೇಹಿತ ಮಾತ್ರ ಅದನ್ನು ಜೋಪಾನವಾಗಿ ಪುಸ್ತಕದೊಳಗೆ ಇಟ್ಟುಕೊಂಡ.

ನಾಲ್ಕನೆಯ ಕಡೆಯಿಂದ ಒಪ್ಪಿಗೆ ಬಂತು. ಆಗ ಅಡ್ಡ ಬಂದವರು ನಮ್ಮ ತಂದೆ.

"ಆ ಊರಲ್ಲಿ ನಿಮ್ಮ ಸೋದರತ್ತೆ ಮನೆ ಇದೆ. ನಂಟರು ಇರೋ ಊರಲ್ಲಿ ಹೋಗಿ ಶಾಲೇಲಿ ಮಲಗ್ತಾನಂತೆ! ನಾಳೆ ನಾನು ಅವಳ ಮುಂದೆ ತಲೆ ಎತ್ಕೊಂಡು ಓಡಾಡೋದು ಬೇಡ್ವೇನೋ?"

ನಮ್ಮ ಕಡೆ ನಂಟರ ಮನೆ ಬಿಟ್ಟು ಬೇರೆ ಕಡೆ ಉಳಿಯುವುದೆಂದರೆ ಜಗಳವಾಗಿದೆ ಎಂದು ಊರಿಗೆಲ್ಲ ಸಾರಿದಂತೆ. ನಂಟರಿಲ್ಲದ ಊರಿನಲ್ಲಿ ಮಠವಿರುತ್ತಿತ್ತು. ಮಠವಿಲ್ಲದ ಕಡೆ ಮಂಡಿಗೆ ಬೆಲ್ಲ ಕಳಿಸುವವರು ಇರುತ್ತಿದ್ದರು. ಭೂಪಟ ಬಿಚ್ಚಿಕೊಂಡು ಕೂತರೆ, ಮೈಸೂರಿನ ಸುತ್ತ ಐವತ್ತು ಮೈಲಿಯಲ್ಲಿ ನನ್ನನ್ನು ಯಾರೂ ಉಪಚರಿಸದ ಒಂದು ಊರೂ ಇರಲಿಲ್ಲ. ಅವನನ್ನು ಒಳಗೆ ಕರೆಯುವ ಊರು ಎಷ್ಟಿದ್ದವು ಎಂದು ನಾನು ಲೆಕ್ಕ ಹಾಕಲಿಲ್ಲ. ಮೊದಲ ಬೇಸಿಗೆ ಹೀಗೆ ಹೋಯಿತು.

ಎರಡನೆಯ ಬೇಸಿಗೆಯೇ ಕೊನೆಯ ಅವಕಾಶ. ಪರೀಕ್ಷೆ ಮುಗಿದಿತ್ತು. ಅವನಿಗೆ ಉತ್ತರದ ಜಿಲ್ಲೆಯೊಂದರಲ್ಲಿ ಮೇಷ್ಟರ ಕೆಲಸ ಸಿಕ್ಕಿತ್ತು, ಜೂನ್ ತಿಂಗಳಲ್ಲಿ ಹೋಗಿ ಸೇರಬೇಕು. ತಂದೆಗೆ ತಕ್ಷಣ ಯಾವ ನಂಟರೂ ನೆನಪಾಗದ ಒಂದು ಊರನ್ನು ದಕ್ಷಿಣದ ಕಡೆ ನಲವತ್ತು ಮೈಲಿ ದೂರದಲ್ಲಿ ಹುಡುಕಿದೆವು. ಆ ಊರಿನ ಹೆಸರು ಬೇಡ. ಅರ್ಜಿ ಬರೆಯುವ ಸರದಿ ನನ್ನದು.

ಇರಲಾರದೆ ಇರುವೆ ಬಿಟ್ಟುಕೊಂಡರು ಎನ್ನುತ್ತಾರಲ್ಲ, ನಾನು ಮಾಡಿದ್ದು ಅದನ್ನೇ. ಹಿಂದಿನ ವರ್ಷದ ಅನುಭವದಿಂದ ನನಗೆ ಸಿಟ್ಟಿತ್ತು. ಬರೀ ಹೆಸರು, ವಯಸ್ಸು ನೋಡಿ ಯಾವ ಹೆಡ್‌ಮಾಸ್ತರು ಕಾರ್ಡು ಬರೆಯುತ್ತಾರೆ? ನಮ್ಮಲ್ಲಿ ಯಾವ ಕೆಲಸವಾಗಬೇಕಾದರೂ ಕಾಗದದ ಕೊನೆಯಲ್ಲಿ ನಾವು ಯಾರ ಪೈಕಿ ಎಂದು ಒಂದು ಸಾಲು ಸೇರಿಸುವುದು ವಾಡಿಕೆ. ರೈಲಿನ ಟಿಕೆಟ್ಟಿಗೂ ಆಸ್ಪತ್ರೆಯ ಮಂಚಕ್ಕೂ ಹಾಗೆಯೇ. ನಾನೂ ನಮೂನೆಯ ಕೆಳಗೆ ಖಾಲಿ ಇದ್ದ ಕಡೆ ಸೇರಿಸಿದೆ: ಸಂತೇಪೇಟೆಯ ಇಂಥ ಮಂಡಿಯವರ ಮಗ, ಇಂಥ ಮಠದ ಒಕ್ಕಲು, ತಾಯಿಯ ತವರು ಇಂಥ ಊರು. ಅದರ ಕೆಳಗೆ, ಜೊತೆಯಲ್ಲಿ ಒಬ್ಬ ಸ್ನೇಹಿತ ಎಂದು ಬರೆದು ಅವನ ಹೆಸರು ಹಾಕಿದೆ. ಸ್ನೇಹಿತನಿಗೆ ತೋರಿಸದೆ ಅಂಚೆಗೆ ಹಾಕಿಬಿಟ್ಟೆ.

ನಾಲ್ಕೇ ದಿನಕ್ಕೆ ಉತ್ತರ ಬಂತು. ನಾವು ಕಳಿಸಿದ ಜವಾಬಿ ಕಾರ್ಡು ಅದಲ್ಲ. ನಮ್ಮ ತಂದೆಯ ಹೆಸರಿಗೆ, ಲಕೋಟೆಯಲ್ಲಿ, ಎರಡು ಹಾಳೆಯ ಕಾಗದ. ತಾಯಿಯ ತವರಿನ ಹೆಸರು ಓದಿದ ಹೆಡ್‌ಮಾಸ್ತರರಿಗೆ ಎಲ್ಲವೂ ಹೊಳೆದುಹೋಗಿತ್ತು. ಅಮ್ಮನ ದೊಡ್ಡಪ್ಪನ ಹಿರಿಯ ಮಗಳನ್ನು ಕೊಟ್ಟದ್ದು ಅವರಿಗೇ, ಅಂದರೆ ನನಗೆ ಅವರು ದೊಡ್ಡಪ್ಪ ಆಗಬೇಕು. ವರ್ಗವಾಗಿ ಆ ಊರಿಗೆ ಬಂದು ಆರು ತಿಂಗಳಾಗಿತ್ತಂತೆ. 'ನಮ್ಮ ಹುಡುಗ ಶಾಲೆಯ ನೆಲದ ಮೇಲೆ ಮಲಗುವುದು ಎಂದರೇನು, ನೇರ ನಮ್ಮ ಮನೆಗೇ ಬರತಕ್ಕದ್ದು' ಎಂದು ಬರೆದಿದ್ದರು. ತಂದೆ ಅದನ್ನು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದರು. ಅಮ್ಮ ಆಗಲೇ ಚಕ್ಕುಲಿಗೆ ಹಿಟ್ಟು ಕಲಸಲು ಎದ್ದರು.

ಸ್ನೇಹಿತನಿಗೆ ನಾನು ಎಲ್ಲವನ್ನೂ ಒಪ್ಪಿಸಬೇಕಾಯಿತು. ಅವನು ಸ್ವಲ್ಪ ಹೊತ್ತು ಸೈಕಲ್ಲಿನ ಬ್ರೇಕನ್ನು ಹಿಡಿದು ಬಿಟ್ಟು ಮಾಡುತ್ತ ನಿಂತ.

"ನಾನು ಯಾರು ಅಂತ ಅವ್ರಿಗೆ ಗೊತ್ತಾ?"

"ಸ್ನೇಹಿತ ಅಂತ ಬರ್ದಿದೀನಿ."

"ಸ್ನೇಹಿತ ಅಂದ್ರೆ ನಿಮ್ಮೋನೇ ಅಂದ್ಕೊಂಡಿರ್ತಾರೆ. ನಾನು ಬರಲ್ಲ ಕಣೋ."

"ಬಾರೋ. ಶಾಲೆ ಬೀಗದ ಕೈ ಅವರ ಹತ್ರಾನೇ ಇರುತ್ತೆ. ಹೋದ ತಕ್ಷಣ ಕೇಳಿ ಇಸ್ಕೊಂಡ್ಬುಡ್ತೀನಿ. ಇಬ್ರೂ ಶಾಲೇಲೇ ಮಲಗೋಣ. ಮಾತು ಕೊಡ್ತೀನಿ."

"ಕೇಳ್ತೀಯಾ?"

"ಕೇಳ್ತೀನಿ ಅಂದ್ನಲ್ಲ."

ಅರ್ಜಿಯಲ್ಲಿ ಬರೆದಿದ್ದ ತಾರೀಖಿನಂದು ಬೆಳಗ್ಗೆ ಹೊರಟೆವು. ನಂಜನಗೂಡಿನ ಹೊಳೆಯಲ್ಲಿ ಕಾಲು ತೊಳೆದು, ಮರದ ಕೆಳಗೆ ಅಮ್ಮನ ಚಕ್ಕುಲಿ ತಿಂದು, ಮಧ್ಯಾಹ್ನದ ಬಿಸಿಲಿನಲ್ಲಿ ಒಂದು ಹುಣಸೆ ತೋಪಿನಲ್ಲಿ ಬಿದ್ದುಕೊಂಡೆವು. ಏರು ಬಂದ ಕಡೆಯೆಲ್ಲ ಅವನು ಮುಂದೆ ಹೋಗಿ ಕಾಯುತ್ತಿದ್ದ. ಅಷ್ಟು ಸಂತೋಷವಾಗಿ ನಾನು ಮತ್ತೆಂದೂ ಸೈಕಲ್ ತುಳಿದಿಲ್ಲ.

ಐದು ಗಂಟೆಯ ಹೊತ್ತಿಗೆ ಊರು ಬಂತು. ಹೆಡ್‌ಮಾಸ್ತರರ ಮನೆಯ ಎದುರಿಗೇ ಶಾಲೆ, ನಡುವೆ ಒಂದು ಮಣ್ಣಿನ ರಸ್ತೆ ಅಷ್ಟೆ. ದೊಡ್ಡಪ್ಪ ಜಗಲಿಯ ಮೇಲೆ ಕಾದು ಕೂತಿದ್ದರು. ಎದ್ದು ಬಂದು ನನ್ನ ಬೆನ್ನು ತಟ್ಟಿದರು. ಆಮೇಲೆ ಅವನ ಕಡೆ ತಿರುಗಿ, ಎಲ್ಲರನ್ನೂ ಕೇಳುವ ಹಾಗೆ, "ನಿಮ್ಮದು ಯಾವೂರಾಯ್ತಪ್ಪಾ? ಯಾರ ಪೈಕಿ?" ಎಂದರು. ಅವನು ಊರು ಹೇಳಿದ, ಕೇರಿಯನ್ನೂ ಹೇಳಿದ. ಏನನ್ನೂ ಬಚ್ಚಿಡಲಿಲ್ಲ.

ದೊಡ್ಡಪ್ಪ ಮುಖ ಸಿಂಡರಿಸಲಿಲ್ಲ. ಹಾಗೆ ಮಾಡಿದ್ದರು ಎಂದು ಬರೆದರೆ ನನಗೆ ಅನುಕೂಲ, ಆದರೆ ಅದು ಸುಳ್ಳು. "ಒಳ್ಳೇದಪ್ಪಾ, ಓದಬೇಕು. ನೀವೆಲ್ಲ ಓದಿ ಮುಂದೆ ಬರಬೇಕು," ಎಂದು ಮನಸಾರೆ ಹೇಳಿದರು. ಒಳಗೆ ಹೋಗಿ ದೊಡ್ಡಮ್ಮನ ಹತ್ತಿರ ಎರಡು ಮಾತಾಡಿದರು. ಅಷ್ಟರಿಂದಲೇ ಎಲ್ಲ ಏರ್ಪಾಡೂ ತಾನಾಗಿ ಆಗಿಹೋಯಿತು. ನನಗೆ ಬಚ್ಚಲಿನಲ್ಲಿ ಬಿಸಿನೀರು, ಅವನಿಗೆ ಹಿತ್ತಲಿನ ಕಲ್ಲಿನ ಮೇಲೆ ಕೈಗೆ ನೀರು ಹುಯ್ದರು. ನನಗೆ ನಡುಮನೆಯಲ್ಲಿ ಮಣೆ, ಅವನಿಗೆ ಜಗಲಿಯ ತುದಿಯಲ್ಲಿ ಎಲೆ.

ಬಾಗಿಲ ಪಕ್ಕದ ಮೊಳೆಗೆ ಶಾಲೆಯ ಬೀಗದ ಕೈ ನೇತುಹಾಕಿದ್ದರು. ನಾನು ಕೂತ ಕಡೆಯಿಂದ ಅದು ಚೆನ್ನಾಗಿ ಕಾಣುತ್ತಿತ್ತು.

"ದೊಡ್ಡಪ್ಪ, ಶಾಲೆ..." ಎಂದು ಶುರುಮಾಡಿದೆ.

"ನಾಳೆ ಬೆಳಗ್ಗೆ ತೋರಿಸ್ತೀನಿ, ಈಗ ಊಟ ಮಾಡು," ಎಂದರು ಅವರು. ದೊಡ್ಡಮ್ಮ ಹೋಳಿಗೆಯ ಮೇಲೆ ತುಪ್ಪ ಹಾಕಿದರು. ನಾನು ತಿಂದೆ. ಎರಡನೆಯ ಹೋಳಿಗೆಯನ್ನೂ ತಿಂದೆ. ದೊಡ್ಡಮ್ಮ ಜಗಲಿಗೂ ಅಷ್ಟೇ ಧಾರಾಳವಾಗಿ ಬಡಿಸಿದರು, ಎಲೆಗೆ ತಾಗದಷ್ಟು ಎತ್ತರದಿಂದ. ಬಾಗಿಲಿನ ಆಚೆ ಅವನ ಮೊಣಕಾಲು ಮಾತ್ರ ನನಗೆ ಕಾಣುತ್ತಿತ್ತು. ಅದನ್ನು ನೋಡದಿರಲು ನಾನು ಎಲೆಯ ಮೇಲೆ ಬಗ್ಗಿ ಕೂತೆ. ನಾಚಿಕೆಯಾಯಿತೇ ಎಂದರೆ, ಆಯಿತು. ಹಸಿವೂ ಆಗಿತ್ತು.

ಊಟವಾದ ಮೇಲೆ ಅವನು ತನ್ನ ಎಲೆಯನ್ನು ತಾನೇ ಎತ್ತಿ ಎಸೆದು, ಜಾಗವನ್ನು ಸಾರಿಸಿ, ಅಂಗಳದಲ್ಲಿ ನಿಂತುಕೊಂಡ. ನಾನು ಹೊಸ್ತಿಲ ಹತ್ತಿರ ಬಂದೆ. ಅವನು ನನ್ನ ಮುಖ ನೋಡಿದ. ನಾನು ದೊಡ್ಡಪ್ಪನ ಮುಖ ನೋಡಿದೆ. ದೊಡ್ಡಪ್ಪ ಎಲೆ ಅಡಿಕೆ ಹಾಕಿಕೊಳ್ಳುತ್ತ ನಮ್ಮ ಅಜ್ಜನ ಕತೆ ಹೇಳುತ್ತಿದ್ದರು. ಅವರ ಮಾತು ನಿಲ್ಲಲಿ ಎಂದು ನಾನು ಕಾದೆ. ನಿಂತಿತು. ಆಗಲೂ ನಾನು ಬಾಯಿ ಬಿಡಲಿಲ್ಲ. ಹಾಸಿದ ಹಾಸಿಗೆ ಬಿಟ್ಟು ಎದ್ದು ಹೋದರೆ ಇವರಿಗೆ ಬೇಸರ, ತಂದೆಗೆ ಕಾಗದ ಹೋಗುತ್ತದೆ, ಅಮ್ಮನ ತವರಿಗೆಲ್ಲ ಸುದ್ದಿಯಾಗುತ್ತದೆ ಎಂದು ಕಾರಣಗಳನ್ನು ಜೋಡಿಸಿಕೊಳ್ಳುತ್ತಿದ್ದೆ.

ಕೊನೆಗೆ ಅವನೇ ಕೇಳಿದ.

"ಸಾರ್, ಅರ್ಜೀಲಿ ನನ್ನ ಹೆಸರೂ ಇತ್ತಲ್ಲ ಸಾರ್. ಹಾಸ್ಟೆಲ್ ಬೀಗದ ಕೈ ಕೊಡ್ತೀರಾ?"

ಅವನು ಅಷ್ಟು ಸ್ಪಷ್ಟವಾಗಿ, ಪುಸ್ತಕದ ಮಾತಿನ ಹಾಗೆ ಹೇಳಿದ್ದನ್ನು ನಾನು ಮೊದಲು ಕೇಳಿರಲಿಲ್ಲ. ದೊಡ್ಡಪ್ಪ ಒಂದು ಕ್ಷಣವೂ ಯೋಚಿಸಲಿಲ್ಲ.

"ಅಯ್ಯೋ, ಅದಕ್ಕೇನಪ್ಪಾ! ತಗೊಳ್ಳಿ. ಮೇಜಿನ ಮೇಲೆ ರಿಜಿಸ್ಟರ್ ಇದೆ, ಅದನ್ನ ಮಾತ್ರ ತುಂಬಿಬಿಡಿ, ಮೇಲಿನವರು ಕೇಳ್ತಾರೆ," ಎಂದು ಮೊಳೆಯಿಂದ ಬೀಗದ ಕೈ ತೆಗೆದು, ಒಂದು ಲಾಟೀನನ್ನೂ ಹಚ್ಚಿ ಕೊಟ್ಟರು. ಕೇಳಿದ್ದರೆ ಅಷ್ಟೇ ಸುಲಭವಾಗಿ ನನಗೂ ಕೊಡುತ್ತಿದ್ದರು.

ಅವನು ಲಾಟೀನು ಹಿಡಿದು, "ಬತ್ತೀಯೇನೋ?" ಎಂದ.

"ಅವನ್ಯಾಕೆ ಬರ್ತಾನೆ, ಒಳಗೆ ಹಾಸಿಗೆ ಹಾಸಿದೆ," ಎಂದರು ದೊಡ್ಡಮ್ಮ. ನಾನು ಹೊಸ್ತಿಲು ದಾಟಲಿಲ್ಲ. ಅವನು ರಸ್ತೆ ದಾಟಿ ಹೋದ.

ಬೆಳಗ್ಗೆ ನಾನು ಹೋದಾಗ ಅವನು ಶಾಲೆಯ ಮೆಟ್ಟಿಲ ಹತ್ತಿರ ಎರಡೂ ಸೈಕಲ್ಲುಗಳ ಚೈನಿಗೆ ಎಣ್ಣೆ ಬಿಡುತ್ತಿದ್ದ. ಚೆನ್ನಾಗಿ ನಿದ್ದೆ ಬಂತು ಎಂದ. ಕೋಣೆ ಗುಡಿಸಿದ್ದ. ಗೋಡೆಗೆ ಸರಿಸಿದ ಬೆಂಚುಗಳ ಮುಂದೆ ಎರಡು ಚಾಪೆಗಳನ್ನು ಸುತ್ತಿ ನಿಲ್ಲಿಸಿತ್ತು, ಒಂದನ್ನು ಬಿಚ್ಚಿದ ಗುರುತೇ ಇರಲಿಲ್ಲ. ದೊಡ್ಡಪ್ಪ ತಂದುಕೊಡಲು ಹೇಳಿದ್ದ ರಿಜಿಸ್ಟರನ್ನು ನಾನು ಕೈಗೆತ್ತಿಕೊಂಡೆ. ಹಿಂದಿನ ದಿನದ ತಾರೀಖಿನ ಕೆಳಗೆ ನಮ್ಮ ಅರ್ಜಿಯಲ್ಲಿದ್ದ ಎರಡು ಹೆಸರುಗಳನ್ನೂ ಅವನು ಪ್ರಯೋಗದ ರೆಕಾರ್ಡಿನಲ್ಲಿ ಬರೆಯುತ್ತಿದ್ದ ದುಂಡಗಿನ ಅಕ್ಷರದಲ್ಲಿ ಬರೆದಿದ್ದ. ತನ್ನ ಹೆಸರಿನ ಮುಂದೆ ರುಜು ಹಾಕಿದ್ದ. ನನ್ನ ಹೆಸರಿನ ಮುಂದೆ, ಬರಲಿಲ್ಲ, ಎಂದು ಬರೆದಿದ್ದ.