ಆಂಜಿಯ ಕುರ್ಚಿ

ನರಸಾಪುರದ ಸುತ್ತಮುತ್ತ ಆಂಜಿಯಷ್ಟು ಹಟಮಾರಿ ಕ್ಷೌರಿಕ ಇನ್ನೊಬ್ಬನಿಲ್ಲ. ಅವನಪ್ಪ ಚನ್ನರಾಯಪ್ಪ ಕತ್ತಿ ಕತ್ತರಿಯ ಚೀಲವನ್ನು ಕಂಕುಳಲ್ಲಿಟ್ಟುಕೊಂಡು ಮನೆಮನೆಗೆ ಹೋಗುತ್ತಿದ್ದ. ಹಿತ್ತಲಲ್ಲೋ ಕೊಟ್ಟಿಗೆಯ ಮುಂದೋ ಕುಕ್ಕರಗಾಲಲ್ಲಿ ಕೂತು ಊರಿನ ಗಡ್ಡವೆಲ್ಲ ಹೆರೆದು, ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತು ರಾಗಿ ಹಾಕಿಸಿಕೊಳ್ಳುತ್ತಿದ್ದ. ಮದುವೆ ಗಂಡಿನ ಕ್ಷೌರ, ಚಪ್ಪರದಲ್ಲಿ ಉಗುರು ತೆಗೆಯುವ ಶಾಸ್ತ್ರ ಅವನಿಲ್ಲದೆ ನಡೆಯುತ್ತಿರಲಿಲ್ಲ. ಆದರೂ ಜಗಲಿ ಹತ್ತುವಂತಿರಲಿಲ್ಲ. ಕೂತೂ ಕೂತೂ ಕೊನೆಗೆ ಅವನ ಮಂಡಿಯೇ ಹೋಯಿತು.

ಆಂಜಿ ಆ ಚೀಲ ಹೊರಲಿಲ್ಲ. ಕಂಪನಿ ಬಸ್ಸು ನಿಲ್ಲುವ ಕಡೆ ಮಳಿಗೆ ಹಿಡಿದು, ತಿರುಗುವ ಕುರ್ಚಿ ತಂದು, ಮೊದಲು ಬಂದವರು ಮೊದಲು ಕೂರಬೇಕು ಅಂದ. ಊರು ಮೆಚ್ಚಿತು. ಊರಾಚೆ ಕೇರಿಯ ವೆಂಕಟ್ ಶಿಫ್ಟು ಮುಗಿಸಿ ಬಂದು ಆ ಕುರ್ಚಿಯಲ್ಲಿ ಕೂತ ದಿನ ಮೆಚ್ಚುಗೆಯೆಲ್ಲ ಇಳಿದುಹೋಯಿತು. ವೆಂಕಟ್‌ನ ಅಪ್ಪ, ತಾತ ಕ್ಷೌರ ಮಾಡಿಸಿಕೊಳ್ಳಲು ಕೋಲಾರಕ್ಕೇ ಹೋಗಬೇಕಾಗಿತ್ತು.

ಊರ ಹಿರಿಯ ದೊಡ್ಡಮುನಿಯಪ್ಪ ಹೊರಗೇ ನಿಂತು ಕೇಳಿದರು. "ಏನ್ಲಾ ಆಂಜಿ, ಅವರ ತಲೆ ಮುಟ್ಟಿದ ಕೈಲಿ ನಮ್ಮ ತಲೆ ಮುಟ್ತೀಯೇನೋ?"

"ಕೈ ತೊಳ್ಕೊತೀನಿ ಗೌಡ್ರೇ. ನಿಮ್ಮ ತಲೆ ಮುಟ್ಟಿದ ಮೇಲೂ ತೊಳ್ಕೊತೀನಿ."

ಈ ಮಾತಿಗೆ ಊರಿನವರು ಬರುವುದನ್ನೇ ಬಿಟ್ಟರು. ಕೇರಿಯವರು ಬಂದರೂ ಅಷ್ಟರಿಂದ ಅಂಗಡಿ ನಡೆಯುವಂತಿರಲಿಲ್ಲ. "ಕುರ್ಚಿ ಮಾರ್ಬಿಟ್ಟು ಮಾಲೂರಿಗೆ ಹೋಗೋಣ ನಡಿ" ಅಂದಳು ಹೆಂಡತಿ ಸುನಂದ. ಆಂಜಿಗೂ ಹೆದರಿಕೆಯಾಗಿತ್ತು. ಹಾಗಂತ ಅಪ್ಪನ ಮಂಡಿಯನ್ನು ಮರೆಯಲಾದೀತೆ? ಅಂಗಡಿ ಬಾಗಿಲು ಮುಚ್ಚಲಿಲ್ಲ.

ಅಷ್ಟರಲ್ಲಿ ದೊಡ್ಡಮುನಿಯಪ್ಪನವರ ಮೊಮ್ಮಗ ಚೈತನ್ಯನ ಮದುವೆ ಬಂತು. ಆಸುಪಾಸಿನ ಊರುಗಳ ಕ್ಷೌರಿಕರನ್ನೆಲ್ಲ ಕರೆದು ನೋಡಿದರು, ಒಬ್ಬನೂ ಒಪ್ಪಲಿಲ್ಲ. ಒಬ್ಬನ ಊರಿಗೆ ಇನ್ನೊಬ್ಬ ಕತ್ತಿ ಹಿಡಿದು ಹೋಗುವುದಿಲ್ಲ, ಅದು ಅವರ ಹಳೆಯ ಕಟ್ಟುಪಾಡು. ಶಾಸ್ತ್ರ ತಪ್ಪಿದರೆ ಚಪ್ಪರಕ್ಕೆ ಕಾಲಿಡುವುದಿಲ್ಲ ಅಂತ ಗೌಡರ ಹೆಂಡತಿ ಚಿಕ್ಕಗಂಗಮ್ಮ ಪಟ್ಟು ಹಿಡಿದರು. ಬೇರೆ ದಾರಿ ಕಾಣದೆ ಆಂಜಿಗೇ ಹೇಳಿಕಳಿಸಿದರು.

"ಉಗುರು ತೆಗೆಯೋಕೆ ಚಪ್ಪರಕ್ಕೆ ಬರ್ತೀನಿ. ಕ್ಷೌರಕ್ಕೆ ಮಾತ್ರ ಗಂಡೇ ಅಂಗಡಿಗೆ ಬಂದು ಸರದೀಲಿ ಕೂರ್ಲಿ" ಅಂದ ಆಂಜಿ.

ಮಾರನೆಯ ಬೆಳಗ್ಗೆ ತಾತ, ಮೊಮ್ಮಗ ಇಬ್ಬರೂ ಬಂದರು. ಬೆಂಚಿನ ಮೇಲೆ ವೆಂಕಟ್ ಮೊದಲೇ ಕೂತಿದ್ದ. ಚೈತನ್ಯ ಹಿಂದೆಮುಂದೆ ನೋಡದೆ ಅವನ ಪಕ್ಕ ಕೂತ. ಇಬ್ಬರೂ ಒಂದೇ ಕಂಪನಿ, ಒಂದೇ ಬಸ್ಸು. ಗೌಡರು ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತಿದ್ದು, ಕಾಲು ಸೋತು ತಾವೂ ಕೂತರು.

ವೆಂಕಟ್ ಎದ್ದು, "ಮದುವೆ ಗಂಡು ಮೊದಲು ಕೂತ್ಕೊಳ್ಲಿ" ಅಂದ.

ಆಂಜಿ ಬಾಯಿ ತೆರೆಯುವಷ್ಟರಲ್ಲಿ ಗೌಡರೇ, "ನಿನ್ನ ಸರದಿ ಕಣೋ, ಹೋಗು" ಅಂದುಬಿಟ್ಟರು. ಜೀವಮಾನದಲ್ಲಿ ಅಷ್ಟು ಖುಷಿ ಆಂಜಿಗೆ ಎಂದೂ ಆಗಿರಲಿಲ್ಲ.

ವೆಂಕಟ್‌ನದು ಮುಗಿಯಿತು, ಚೈತನ್ಯನದೂ ಮುಗಿಯಿತು. ಗೌಡರು ತಲೆ ಸವರಿಕೊಂಡು, ಯಾರೂ ಕರೆಯದೆಯೇ ಎದ್ದು ಬಂದು ಕುರ್ಚಿ ಏರಿದರು. ಆಂಜಿ ಬಟ್ಟೆ ಹೊದಿಸಿ, ಅವರ ಹಿಂದೆ ನೆಟ್ಟಗೆ ನಿಂತ.

"ತಲೆ ಸ್ವಲ್ಪ ಬಗ್ಗಿಸಿ ಗೌಡ್ರೇ."

ಗೌಡರು ಬಗ್ಗಿಸಿದರು.