ಬಿಚ್ಚುವುದನ್ನು ಕಲಿತು ಬಂದ ಕೋಚ್ ಸರ್

ಹೋದ ತಿಂಗಳು ಆಫೀಸಿನ ಕಪಾಟು ಸರಿಮಾಡುವಾಗ ಹಳೆಯ ಮಾರ್ಕರ್ ಪೆನ್ನೊಂದು ಸಿಕ್ಕಿತು. ಒಣಗಿಹೋಗಿತ್ತು. ಆದರೂ ಮುಚ್ಚಳ ತೆಗೆದಾಗ ಸ್ಪಿರಿಟ್ಟಿನ ಘಾಟು ಸಣ್ಣಗೆ ಬಂತು. ಕೈ ಅಲ್ಲೇ ನಿಂತಿತು. ಆ ಮಂಟಪ, ಮುಚ್ಚಿದ ಕಿಟಕಿಗಳು, ಬಿಳಿ ಬೋರ್ಡಿನ ಮುಂದೆ ನಿಂತ ನಮ್ಮ ಕೋಚ್ ಸರ್...

ಆದೋನಿಯಲ್ಲಿ ಹತ್ತಿ ಬೀಜ, ಕೀಟನಾಶಕ ಮಾರುವ ಕಂಪನಿಯೊಂದರ ಶಾಖೆಯಲ್ಲಿ ನನ್ನ ಕೆಲಸ. ಮಾರಾಟದವರಿಗೆ ಹುರುಪು ತುಂಬಲೆಂದು ಕೋಚ್ ಸರ್ ಅವರನ್ನು ನಮ್ಮ ಮ್ಯಾನೇಜರ್ ಗೊತ್ತುಮಾಡಿದ್ದರು. ಅವರು ಕೌತಾಳದ ಕಡೆಯವರು. ಮೊದಲು ಶಾಲೆಯಲ್ಲಿ ವಾಲಿಬಾಲ್ ಆಡಿಸುತ್ತಿದ್ದ ಪಿ.ಟಿ. ಮೇಷ್ಟ್ರು. ಆಮೇಲೆ ಹೈದರಾಬಾದಿನಲ್ಲಿ ಕಲಿತು ಆಫೀಸುಗಳಿಗೆ ಕೋಚ್ ಆದವರು.

ನಮಗೆ ಅವರು ಏನನ್ನೂ ಮಾಡಿ ಎಂದು ಹೇಳುತ್ತಿರಲಿಲ್ಲ. ಬರೀ ಕೇಳುತ್ತಿದ್ದರು. ಆಸ್ಪರಿಯ ರೈತ ಬೀಜ ಬೇಡವೆಂದಾಗ ಅವನ ಮುಖದಲ್ಲಿ ಏನು ಕಂಡಿತು, ಆಗ ನಿನಗೇನು ಅನ್ನಿಸಿತು, ಇಂಥವೇ ಪ್ರಶ್ನೆಗಳು. ಉತ್ತರ ಹೊಳೆಯುವವರೆಗೆ ಸುಮ್ಮನೆ ಕಾಯುತ್ತಿದ್ದರು.

ಚಹಾದ ಹೊತ್ತಿಗೆ ತಮ್ಮ ವಿದ್ಯೆಯ ಕಥೆ ಹೇಳುತ್ತಿದ್ದರು. ಕೋಚ್ ಅಂದರೆ ಮೊದಲು ಕುದುರೆ ಗಾಡಿ ಎಂದೇ ಅರ್ಥವಿತ್ತಂತೆ. ಪರೀಕ್ಷೆ ದಾಟಿಸುವ ಮೇಷ್ಟ್ರನ್ನು ಇಂಗ್ಲೆಂಡಿನ ಹುಡುಗರು ತಮಾಷೆಗೆ ಹಾಗೆ ಕರೆದರಂತೆ. ಅಲ್ಲಿಂದ ಆ ಮಾತು ಆಟದ ಮೈದಾನಕ್ಕೆ ಬಂತು. ಹೀಗೆ ಹೊಡಿ, ಹಾಗೆ ನಿಲ್ಲು ಎಂದು ಕೂಗುವುದಕ್ಕಿಂತ, ಚೆಂಡು ಹೇಗೆ ಬರುತ್ತಿದೆ ನೋಡು ಎಂದರೆ ಆಟ ತಾನೇ ಸುಧಾರಿಸುತ್ತದೆ ಎಂದು ಅಲ್ಲಿ ಕೆಲವರು ಕಂಡುಕೊಂಡರು. ಆ ಪಾಠವೇ ಆಫೀಸಿನೊಳಗೆ ಬಂದು ಕೇಳುವ ಪಂಥವಾಯಿತು. ಗುರಿ ಯಾವುದು, ಈಗ ಎಲ್ಲಿದ್ದೀರಿ, ದಾರಿ ಏನೇನಿವೆ ಎಂದು ಮೆಟ್ಟಿಲು ಕಟ್ಟುವವರದು ಇನ್ನೊಂದು. ಮನಶ್ಶಾಸ್ತ್ರದವರಿಂದ ಬಂದದ್ದು ಮತ್ತೊಂದು: ಎದುರಿಗಿರುವವನು ಕೆಟ್ಟುಹೋದ ಯಂತ್ರವಲ್ಲ, ಅವನ ಮಾತಿಗೆ ಕಿವಿ ಕೊಟ್ಟರೆ ಸಾಕು ಎನ್ನುವವರದು.

ಇವೆಲ್ಲ ಆದ ಮೇಲೆ ಕಡೆಯದೊಂದನ್ನು ಹೇಳುವಾಗ ಅವರ ದನಿ ಇಳಿಯುತ್ತಿತ್ತು. ದೊಡ್ಡ ಸಭಾಂಗಣದಲ್ಲಿ ಜನರನ್ನು ಕೂಡಿಸಿ, ಬಾಗಿಲು ಹಾಕಿ, ಹಳೆಯ ಮನುಷ್ಯನನ್ನು ಒಡೆದರೆ ಹೊಸಬ ಹುಟ್ಟುತ್ತಾನೆ ಎನ್ನುವ ಪಂಥ ಅದು.

“ಮನ್ಷಾನ್ನ ಬಿಚ್ಚಾಕ ಬರ್ತೈತ್ರಿ,” ಅಂದಿದ್ದರು ಒಮ್ಮೆ. “ಜೋಡ್ಸಾಕ ಎಲ್ಲರಿಗೂ ಬರಂಗಿಲ್ಲ.”

ಆ ವರ್ಷ ಮಾರಾಟ ಏರಲಿಲ್ಲ. ಪ್ರಶ್ನೆ ಕೇಳಿ ಏನು ಉಪಯೋಗ, ನನಗೆ ‘ರಿಸಲ್ಟ್ ಕಾವಾಲಿ’, ಫಲ ಬೇಕು ಎಂದು ಮ್ಯಾನೇಜರ್ ಎಲ್ಲರೆದುರೇ ತೆಲುಗಿನಲ್ಲಿ ಗದರಿದರು. ಕೋಚ್ ಸರ್ ಅವರನ್ನು ಆ ಒಡೆಯುವ ಪಂಥದವರ ಶಿಬಿರಕ್ಕೆ ಕಳಿಸಿದರು. ಅವರು ಬೇಡವೆನ್ನಲಿಲ್ಲ. ಕೆಲಸ ಹೋಗುತ್ತದೆಂಬ ಭಯವಿತ್ತೋ, ತಮ್ಮ ದಾರಿಯ ಮೇಲೆಯೇ ನಂಬಿಕೆ ಕುಸಿದಿತ್ತೋ... ತಿರುಗಿ ಬಂದಾಗ ಅವರ ಕಣ್ಣು ನಮ್ಮನ್ನು ನೋಡುವ ರೀತಿಯೇ ಬೇರೆಯಾಗಿತ್ತು. ಕಾಯುವುದನ್ನು ಅವರು ಮರೆತಿದ್ದರು.

ಮುಂಗಾರಿಗೆ ಮುಂಚೆ ಊರ ಹೊರಗಿನ ಕಲ್ಯಾಣ ಮಂಟಪದಲ್ಲಿ ತರಬೇತಿ ಇಟ್ಟರು. ಬಾಗಿಲಲ್ಲೇ ಫೋನುಗಳನ್ನು ಬುಟ್ಟಿಗೆ ಹಾಕಿಸಿಕೊಂಡರು. ಕಿಟಕಿ ಮುಚ್ಚಿಸಿದರು. ಬಿಸಿಲಿಗೆ ಕಾದ ಗೋಡೆಗಳ ನಡುವೆ ಕೋಚ್ ಸರ್ ಒಬ್ಬೊಬ್ಬರನ್ನೇ ಎಬ್ಬಿಸಿ, ನಿಮ್ಮನ್ನು ತಡೆಯುತ್ತಿರುವುದು ಏನು ಎಂದು ಕೇಳತೊಡಗಿದರು. ಜನ ಅಳುತ್ತಿದ್ದರು. ಅತ್ತವರಿಗೆ ಮ್ಯಾನೇಜರ್ ಚಪ್ಪಾಳೆ ಹೊಡೆಸುತ್ತಿದ್ದರು.

ನನ್ನ ಪಕ್ಕದಲ್ಲಿದ್ದ ಸುನಂದಾಳ ಸರದಿ ಬಂತು. ನಮ್ಮ ಆಫೀಸಿನಲ್ಲೇ ಮಾರಾಟ ನೋಡಿಕೊಳ್ಳುತ್ತಿದ್ದ ಮೆತ್ತನೆಯ ಮಾತಿನ ಹೆಂಗಸು. ಅವಳು ದೇವನಕೊಂಡಕ್ಕೆ ಬೀಜದ ಪ್ರಚಾರಕ್ಕೆ ಹೋಗಿದ್ದ ದಿನವೇ ಇಲ್ಲಿ ಅವಳ ತಂದೆ ತೀರಿಕೊಂಡಿದ್ದರು. ಅದನ್ನೇ ತಡೆದು ತಡೆದು ಹೇಳಿದಳು. ಕೋಚ್ ಸರ್ ಅವಳ ಮುಖದ ಹತ್ತಿರ ಬಂದು ನಿಂತರು.

“ಅದು ನೀ ಕಟ್ಗೊಂಡಿರೋ ಕಥಿ. ನಿಮ್ಮಪ್ಪನ ಹೆಣದ ಹಿಂದ ಅಡಗಿ ಕುಂತೀದಿ.”

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಸುನಂದಾ ಅಳಲೂ ಇಲ್ಲ. ನೀರು ಕುಡಿಯಲು ಹೋಗುವವಳಂತೆ ನಿಧಾನವಾಗಿ ನಡೆದು, ಬಾಗಿಲು ತೆಗೆದು ಹೊರಟುಹೋದಳು. ಹಿಂದೆ ಹೋಗಲು ಎದ್ದ ನನ್ನನ್ನು ಮ್ಯಾನೇಜರ್ ಗದರಿ ಕೂರಿಸಿದರು. ಬಂದೇ ಬರುತ್ತಾಳೆ, ಹೀಗೇ ಆಗುತ್ತದೆ ಎಂದರು. ಕೋಚ್ ಸರ್ ಬೋರ್ಡಿನತ್ತ ತಿರುಗಿದರು. ಏನೋ ಬರೆಯಲು ಹೋದರು, ಬರೆಯಲಿಲ್ಲ. ಮಂಟಪದ ಹಿಂದೆಲ್ಲೋ ಗೂಡ್ಸ್ ರೈಲು ಕೂಗಿತು. ಆ ಸದ್ದಿಗೆ ಅವರ ಮುಖ ಬಿಳಿಚಿಕೊಂಡದ್ದನ್ನು ನಾನು ನೋಡಿದೆ. ಮಾರ್ಕರ್ ಕೆಳಗೆ ಬಿತ್ತು. ಅವರು ಓಡಿದರು.

ಇಳಿಹೊತ್ತಿಗೆ ಇಬ್ಬರೂ ಕೋಚ್ ಸರ್ ಅವರ ಮೋಟಾರ್ ಸೈಕಲ್ ಮೇಲೆ ಬಂದರು. ಅವರ ಪ್ಯಾಂಟಿಗೆ ಜಲ್ಲಿಯ ಧೂಳು ಹತ್ತಿತ್ತು. ಏನಾಯಿತೆಂದು ಇಬ್ಬರೂ ಬಾಯಿ ಬಿಡಲಿಲ್ಲ. ಸುನಂದಾಳನ್ನು ಅವಳ ತಾಯಿಯ ಕೈಗೆ ಒಪ್ಪಿಸಿ, ಮರುದಿನವೇ ಕೋಚ್ ಸರ್ ಕೆಲಸ ಬಿಟ್ಟರು. ಊರಿಗೆ ಹೋಗಿ ಮತ್ತೆ ಹೆಣ್ಣುಮಕ್ಕಳಿಗೆ ವಾಲಿಬಾಲ್ ಆಡಿಸುತ್ತಿದ್ದಾರೆಂದು ಕೇಳಿದೆವು. ಆಮೇಲೆ ವರ್ಷಗಳೇ ಕಳೆದವು...

ಮಾರ್ಕರ್ ಸಿಕ್ಕ ದಿನ ಸುನಂದಾಳಿಗೆ ತೋರಿಸಿದೆ. ಒಮ್ಮೆ ಹೋಗಿ ಮಾತಾಡಿಸಿಕೊಂಡು ಬರೋಣವೆಂದಳು. ಭಾನುವಾರ ಕೌತಾಳಕ್ಕೆ ಹೋದೆವು. ಅವರ ಹೆಂಡತಿ ಬಾಗಿಲಲ್ಲೇ ಹೇಳಿದರು: ಯುಗಾದಿ ಆದ ಮೇಲೆ, ಮೈದಾನದಲ್ಲಿ ಕೂತಲ್ಲೇ ತೀರಿಕೊಂಡರಂತೆ. ಹೃದಯಾಘಾತ. ನಮಗೆ ಸುದ್ದಿ ಮುಟ್ಟಿರಲಿಲ್ಲ.

ಹಿಂದಿರುಗುವಾಗ ಆದೋನಿ ಹತ್ತಿರ ರೈಲ್ವೆ ಗೇಟು ಬಿದ್ದಿತ್ತು. ಬಸ್ಸು ನಿಂತಿತು. ರೈಲು ಇನ್ನೂ ಕಾಣುತ್ತಿರಲಿಲ್ಲ, ಸೀಟಿನ ಕಂಬಿ ಮಾತ್ರ ಸಣ್ಣಗೆ ಅದುರುತ್ತಿತ್ತು. ಸುನಂದಾ ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು.

“ಅವತ್ತು ನಾ ಹಳಿ ಮ್ಯಾಲೆ ಕುಂತಿದ್ದೆ. ಸರ್ ಬಂದು ಎಳದು ಎಬ್ಬಸ್ತಾರ ಅನ್ಕೊಂಡೆ. ಎಬ್ಬಸ್ಲಿಲ್ಲ, ಬಾಜೂಕ ಕುಂತರು. ತಪ್ಪಾತಮ್ಮಾ ಅಂದರು. ನಿಮ್ಮಪ್ಪ ಹೆಂಗಿದ್ದರು ಅಂತ ಕೇಳಿದರು. ದೂರದಾಗ ಗಾಡಿ ಕೂಗ್ತು. ನೀವು ಏಳ್ರಿ ಸರ್ ಅಂದೆ. ನೀ ಎದ್ರ ಏಳ್ತೀನಿ ಅಂದರು. ಗಾಡಿ ಹತ್ರ ಬಂದ್ರೂ ಏಳಲಿಲ್ಲ.” ನನ್ನ ಕಡೆ ತಿರುಗಿದಳು. “ಅವರು ಉಳೀಲಿ ಅಂತ ನಾ ಎದ್ದೆ.”

ರೈಲು ಹಾದುಹೋಯಿತು. ಗೇಟು ಎದ್ದಿತು. ಕೋಚ್ ಸರ್ ಅವರಿಗೆ ಒಂದು ಮಾತು ಹೇಳಬೇಕೆಂದು ನನಗೆ ಈಗ ಅನ್ನಿಸಿತು, ಕೇಳಲು ಅವರಿರಲಿಲ್ಲ.

ಊರೊಳಗೆ ಬರುವಾಗ ಇಬ್ಬರ ಫೋನಿಗೂ ಮ್ಯಾನೇಜರ್ ಸಂದೇಶ ಬಂತು. ಹೊಸ ಕೋಚ್ ಬರುತ್ತಾರೆ, ಅದೇ ಮಂಟಪ, ಎಲ್ಲರೂ ಕಡ್ಡಾಯ. ರಜೆ ಹಾಕೋಣವೇ ಎಂದೆ. ಸುನಂದಾ ಬೇಡವೆಂದು ತಲೆಯಾಡಿಸಿದಳು.

“ಹೋಗೂಣು. ಯಾರಾದ್ರೂ ಎದ್ದು ಹೋದ್ರ, ಹಿಂದ ಹೋಗಾಕ ಒಬ್ರು ಇರಬೇಕಲ್ಲ.”