ಕಾಕಾನ ಊಟ ಇಳಿಯುವವರೆಗೆ

ಇವತ್ತು ನಾನು ಮಾಡಿದ ಕೆಲಸಗಳು ಇಷ್ಟು. ಹಾಲು ಕಾಯಿಸಿದೆ. ಕಾಗದದ ಕಸ, ಪ್ಲಾಸ್ಟಿಕ್ ಕಸ, ಸಿಪ್ಪೆಯ ಕಸ ಮೂರನ್ನೂ ಪಂಕ್ತಿಭೇದ ಮಾಡಿ ಬೇರೆ ಬೇರೆ ಡಬ್ಬಿಗೆ ಹಾಕಿದೆ. ನಮ್ಮ ಪಾಳಿ ಇದ್ದುದರಿಂದ ಮೆಟ್ಟಿಲು ಒರೆಸಿದೆ. ಕಡಲೆಬೇಳೆ ಬೇಯಿಸಿ, ಬಸಿದು, ಬೆಲ್ಲ ಕೂಡಿಸಿ ಹೂರಣ ರುಬ್ಬಿದೆ. ಬಸಿದ ಬೇಳೆಕಟ್ಟಿಗೆ ಒಗ್ಗರಣೆ ಕೊಟ್ಟು ಸಾರು ಮಾಡಿದೆ. ಮಗಳ ಒಂದು ಕಾಲಿನ ಸಾಕ್ಸ್ ಹುಡುಕಿದೆ, ಸಿಗಲಿಲ್ಲ. ಒಬ್ಬ ಫುಟ್‌ಬಾಲ್ ಆಟಗಾರನನ್ನು ಕೂತಲ್ಲಿಂದ ಏಳಲಾಗದಂತೆ ಮಾಡಿದೆ. ಒಣಗಿದ ಬಟ್ಟೆ ಮಡಚಿಟ್ಟೆ.

ಇವುಗಳಲ್ಲಿ ಒಂದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೆಟ್ಟಿಲಿನ ವಿಷಯವಲ್ಲ.

ಜರ್ಮನಿಯ ಡ್ರೆಸ್ಡೆನ್ನಿನ ನಮ್ಮ ಮನೆಗೆ ಶನಿವಾರದ ಊಟಕ್ಕೆ ವಿನಾಯಕ ಎಂಬ ಹುಡುಗ ಬರುತ್ತಾನೆ. ಗದಗದ ಕಡೆಯವನು, ಇಲ್ಲಿಯ ಯೂನಿಯಲ್ಲಿ, ಅಂದರೆ ವಿಶ್ವವಿದ್ಯಾಲಯದಲ್ಲಿ, ಓದುತ್ತಾನೆ. ನನ್ನನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಾನೆ. ಹೀಗಾಗಿ ನನ್ನ ಐದು ವರ್ಷದ ಮಗಳು ಗೌರಿಗೆ ಅವನು ಕಾಕಾ. ಯೂನಿಯ ಫುಟ್‌ಬಾಲ್ ತಂಡದಲ್ಲಿ ಅವನಿದ್ದಾನೆ. ಇದ್ದಾನೆ ಎಂದರೆ ಜರ್ಸಿ ಇದೆ, ಬೂಟು ಇದೆ, ಬೆಂಚಿನ ಮೇಲೆ ಕಾಯಂ ಜಾಗ ಇದೆ. ಮೈದಾನದೊಳಗೆ ಮಾತ್ರ ಈ ಸೀಸನ್ನಿನಲ್ಲಿ ಅವನನ್ನು ಯಾರೂ ಕರೆದಿರಲಿಲ್ಲ. ಈ ಸಣ್ಣ ವ್ಯತ್ಯಾಸ ಗೌರಿಗೆ ಗೊತ್ತಿರಲಿಲ್ಲ. ಅವಳು ಕಿಂಡರ್‌ಗಾರ್ಟನ್ನಿನಲ್ಲಿ ಕಾಕಾನ ಚಿತ್ರ ಬರೆದು, ಅವನ ಕಾಲಿಗಿಂತ ದೊಡ್ಡ ಚೆಂಡು ಬರೆದು, ಗೋಡೆಗೆ ಅಂಟಿಸಿ ಬಂದಿದ್ದಳು. ಶನಿವಾರ ತಾನೇ ಹೋಗಿ ಅವನ ಆಟ ನೋಡಿ ಬಂದು ಎಲ್ಲರಿಗೂ ಹೇಳುವುದಾಗಿ ಮಾತು ಕೊಟ್ಟಿದ್ದಳಂತೆ.

ಇವತ್ತಿನದು ವಿನಾಯಕನ ಕೊನೆಯ ಪಂದ್ಯ. ಬರುವ ವಾರ ಅವನು ಇಂಟರ್ನ್‌ಶಿಪ್ಪಿಗೆಂದು ದೂರದ ಶ್ವೀಬರ್ಡಿಂಗೆನ್ ಎಂಬ ಊರಿಗೆ ಹೋಗುತ್ತಾನೆ. ಇವತ್ತು ಆಡಿದರೆ ಆಡಿದ, ಇಲ್ಲದಿದ್ದರೆ ಇಲ್ಲ. "ಟ್ರೇನರ್ ಇವತ್ತ ಇಳಸ್ತೀನಿ ಅಂದಾನ್ರೀ ವೈನಿ" ಎಂದು ಬಾಗಿಲಲ್ಲೇ ಹೇಳಿದ. ಅವನ ಮುಖ ನೋಡಿ ನನಗೆ ಹೋಳಿಗೆ ಮಾಡಿದ್ದು ಸಾರ್ಥಕ ಅನ್ನಿಸಿತು. ಶುಭಕಾರ್ಯಕ್ಕೆ ಹೊರಟವನನ್ನು ಬ್ರೆಡ್ಡು ತಿನ್ನಿಸಿ ಕಳಿಸಲು ಬರುತ್ತದೆಯೇ?

ಬಡಿಸುವುದರಲ್ಲಿ ನಮ್ಮ ಕಡೆಯವರ ರೀತಿ ನಿಮಗೆ ಗೊತ್ತೇ ಇದೆ. ಉಣ್ಣುವವನು 'ಸಾಕು' ಎಂದರೆ ಅದು ಮಾತಲ್ಲ, ಮರ್ಯಾದೆ. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಬಗ್ಗಿದರೆ ಆಗ ಒಂದೇ ಒಂದು ಹಾಕಿ ಬಿಡಬೇಕು. ಬಡಿಸುವವಳು ಒತ್ತಾಯಿಸದಿದ್ದರೆ ಉಂಡವನಿಗೆ ಹೊಟ್ಟೆ ತುಂಬಿದರೂ ಮನಸ್ಸು ತುಂಬುವುದಿಲ್ಲ. ಈ ದೇಶದಲ್ಲಿ ಹಾಗಲ್ಲ. ಬಂದ ಹೊಸದರಲ್ಲಿ ಮೇಲಿನ ಮನೆಯವರು ಕರೆದು ಸೇಬಿನ ಕೇಕು ಮುಂದಿಟ್ಟಾಗ ನಾನು ಸಂಪ್ರದಾಯದಂತೆ ಬೇಡವೆಂದೆ. ಅವರು ಸಂಪ್ರದಾಯದಂತೆ ತಟ್ಟೆ ತೆಗೆದುಕೊಂಡು ಹೋದರು. ಆ ಕೇಕಿನ ವಾಸನೆ ಇನ್ನೂ ಮೂಗಿನಲ್ಲಿದೆ. ಆವತ್ತಿನಿಂದ ನಾನು ಹೊರಗೆ ಜರ್ಮನ್ ರೀತಿಯಲ್ಲಿ ಉಣ್ಣುತ್ತೇನೆ, ಮನೆಯಲ್ಲಿ ಧಾರವಾಡದ ರೀತಿಯಲ್ಲಿ ಬಡಿಸುತ್ತೇನೆ.

"ಸಾಕ್ರೀ ವೈನಿ, ಓಡೋದೈತಿ" ಎಂದ ವಿನಾಯಕ.

"ಓಡಾವ್ರಿಗೇ ಶಕ್ತಿ ಬೇಕಪ್ಪಾ. ತುಪ್ಪಾ ಹಾಕ್ಲ್ಯಾ, ಹಾಲು ಹಾಕ್ಲ್ಯಾ?"

ಎರಡೂ ಹಾಕಿದೆ. ಹಿರಿಯರಿದ್ದ ಮನೆಯಲ್ಲಿ ಬೆಳೆದ ಹುಡುಗ, ಬಾಯಿ ಮುಚ್ಚಿಕೊಂಡು ಉಂಡ. ಅಂದರೆ ಬಾಯಿ ತೆರೆದು.

ನಮ್ಮ ಮನೆಯವರು ಕಂಪ್ಯೂಟರ್ ಚಿಪ್ ಮಾಡುವ ಕಾರ್ಖಾನೆಯಲ್ಲಿ ಇಂಜಿನಿಯರು. ಇವತ್ತು ಅವರಿಗೆ ಶಿಫ್ಟು. ಆದ್ದರಿಂದ ನಾವು ಮೂವರೇ ಟ್ರಾಮ್ ಹತ್ತಿದೆವು. ದಾರಿಯುದ್ದಕ್ಕೂ ವಿನಾಯಕ ಮಾತಾಡಲಿಲ್ಲ. ಹೆದರಿಕೆ ಇರಬಹುದು ಎಂದುಕೊಂಡೆ. ಅದು ಹೂರಣ.

ಯೂನಿಯ ಪಂದ್ಯವೆಂದರೆ ಟೀವಿಯಲ್ಲಿ ತೋರಿಸುವಂಥದ್ದು, ಜನ ಕಿಕ್ಕಿರಿದಿರುತ್ತಾರೆ, ಕಳೆದುಹೋಗಬೇಡ ಎಂದೆಲ್ಲ ಗೌರಿಗೆ ಪಾಠ ಮಾಡಿಸಿ, ಅವಳ ಜಾಕೆಟ್ಟಿನ ಒಳಗೆ ನನ್ನ ಫೋನ್ ನಂಬರಿನ ಚೀಟಿ ಪಿನ್ನು ಮಾಡಿದ್ದೆ. ಹೋಗಿ ನೋಡಿದರೆ ಹಾಸ್ಟೆಲುಗಳ ಹಿಂದೆ ಒಂದು ಮೈದಾನ, ಸುತ್ತ ಒಂದು ಹಗ್ಗ. ನಮ್ಮ ಓಣಿಯ ಅರಿಷಿಣ ಕುಂಕುಮಕ್ಕೆ ಇದಕ್ಕಿಂತ ಹೆಚ್ಚು ಜನ ಸೇರುತ್ತಾರೆ. ಇಬ್ಬರು ಹುಡುಗಿಯರು ಸೈಕಲ್ಲಿಗೆ ಒರಗಿ ನಿಂತಿದ್ದರು. ಒಬ್ಬ ಅಜ್ಜಿ ಮಡಚುವ ಕುರ್ಚಿ, ಫ್ಲಾಸ್ಕು, ನಾಯಿ ಸಮೇತ ಕೂತಿದ್ದರು. ಗೋಲ್‌ಕೀಪರ್ ಅವರ ಮೊಮ್ಮಗನಂತೆ. ಗೌರಿಗೆ ಇದರಿಂದ ಯಾವ ನಿರಾಸೆಯೂ ಆಗಲಿಲ್ಲ. ಬಂದ ಕೂಡಲೇ ನಾಯಿಯ ಹೆಸರು ತಿಳಿದುಕೊಂಡಳು.

ಆಟ ಶುರುವಾಯಿತು. ಎದುರಾಳಿಗಳು ಪಕ್ಕದ ಊರಿನ ಕಾಲೇಜಿನವರು. ಎಲ್ಲರೂ ಒಂದು ಕಡೆ ಓಡಿದರು, ಮತ್ತೆ ಎಲ್ಲರೂ ಇನ್ನೊಂದು ಕಡೆ ಓಡಿದರು. ನನಗೆ ಈ ಆಟದಲ್ಲಿ ಇಷ್ಟೇ ತಿಳಿಯುತ್ತದೆ. ಗೌರಿಗೆ ಅಷ್ಟೂ ಬೇಕಿರಲಿಲ್ಲ. ಅವಳು ಬೆಂಚನ್ನೇ ನೋಡುತ್ತಿದ್ದಳು.

"ಕಾಕಾ ಯಾವಾಗ ಆಡ್ತಾನ?"

"ಕರೀತಾರ, ತಡಿ."

ಕರೆದರು. ಮೊದಲರ್ಧ ಮುಗಿಯುವ ಮುನ್ನವೇ ಯೂನಿಯ ಹುಡುಗನೊಬ್ಬನ ಪಾದ ಹೊರಳಿತು. ಟ್ರೇನರ್ ಬೆಂಚಿನತ್ತ ತಿರುಗಿ ವಿನಾಯಕನಿಗೆ ಏಳೆಂದು ಕೈ ಮಾಡಿದ. ವಿನಾಯಕ ಎದ್ದ, ಬೂಟಿನ ಲೇಸು ಕಟ್ಟಲು ಬಗ್ಗಿದ, ಬಗ್ಗಿದವನು ಹಾಗೆಯೇ ನಿಂತ. ಆಮೇಲೆ ಮೆಲ್ಲಗೆ ಮೇಲೆದ್ದು, ಹೊಟ್ಟೆಯ ಮೇಲೆ ಕೈಯಿಟ್ಟು, ಟ್ರೇನರನಿಗೆ ಏನೋ ಹೇಳಿ ಕೂತುಬಿಟ್ಟ. ಪಕ್ಕದಲ್ಲಿದ್ದ ಕೆಂಪುಗೂದಲಿನ ಹುಡುಗ ಜಿಗಿದು ಒಳಗೆ ಹೋದ.

ಇಡೀ ಸೀಸನ್ ಕಾದ ಹುಡುಗ. ಕರೆ ಬಂದ ಗಳಿಗೆಯಲ್ಲಿ ನನ್ನ ತುಪ್ಪ ಅವನನ್ನು ಹಿಡಿದು ಕೂರಿಸಿತ್ತು. ಸಾಕೆಂದದ್ದು ಈ ಸಲ ನಿಜವಾಗಿಯೂ ಮಾತಾಗಿತ್ತು ಎಂದು ನನಗೆ ಆಗ ತಿಳಿಯಿತು. ಗೌರಿ ಜರ್ಮನ್ನಿನಲ್ಲಿ ಕೇಳಿದಳು, ಕಾಕಾ ಯಾಕೆ ಹೋಗಲಿಲ್ಲ ಎಂದು. ಸಂಕಟದ ಪ್ರಶ್ನೆಗಳನ್ನೆಲ್ಲ ಅವಳು ಜರ್ಮನ್ನಿನಲ್ಲೇ ಕೇಳುತ್ತಾಳೆ.

"ಊಟಾ ಇಳೀವಲ್ತು ಅವಂಗ. ಇಳದ ಕೂಡ್ಲೆ ಹೋಗ್ತಾನ" ಎಂದೆ.

ಮಕ್ಕಳಿಗೆ ಸತ್ಯ ಹೇಳುವುದರಲ್ಲಿ ಒಂದು ತೊಂದರೆಯಿದೆ. ಅವರು ಅದನ್ನು ವಿಚಾರಿಸಲು ಹೊರಡುತ್ತಾರೆ. ನಾನು ಅಜ್ಜಿ ಕೊಟ್ಟ ಚಹದ ಲೋಟ ಹಿಡಿದು ತಿರುಗುವಷ್ಟರಲ್ಲಿ ಗೌರಿ ಹಗ್ಗದ ಕೆಳಗೆ ನುಸುಳಿ ಬೆಂಚಿನ ಬಳಿಗೆ ಹೋಗಿದ್ದಳು.

"ಕಾಕಾ, ಇಳೀತ?"

"ಇಲ್ಲವ್ವಾ ತಂಗಿ, ಇನ್ನೂ ಇಲ್ಲೇ ಐತಿ" ಎಂದು ಅವನು ಎದೆಯ ಕೆಳಗೆ ತೋರಿಸಿದ.

ಅವಳು ಬಂದು ನನಗೆ ಆ ಜಾಗ ತೋರಿಸಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಹೋದಳು. ಈ ಸಲ ಒಂದು ಬೆರಳಿನಷ್ಟು ಇಳಿದಿತ್ತು. ಮೂರನೆಯ ಸಲ ಹೋದಾಗ ಟ್ರೇನರ್ ತಡೆದು, ಈ ಪುಟ್ಟ ಹುಡುಗಿ ಪದೇ ಪದೇ ಬಂದು ಏನು ಕೇಳುತ್ತಿದ್ದಾಳೆ ಎಂದ. ವಿನಾಯಕ ತಲೆ ತಗ್ಗಿಸಿದ. ಉತ್ತರ ಕೊಟ್ಟವಳು ಗೌರಿ, ಅವಳ ಚೊಕ್ಕ ಜರ್ಮನ್ನಿನಲ್ಲಿ: ನನ್ನ ಅಮ್ಮ ಅವನಿಗೆ ಬೇಡವೆಂದರೂ ಬಡಿಸಿದಳು, ಅವನು ಒಳ್ಳೆಯವನು ಅಂತ ತಿಂದ, ಈಗ ಅದು ಇಳಿಯುತ್ತಿದೆ, ನೀವು ಸ್ವಲ್ಪ ಕಾಯಬೇಕು.

ಟ್ರೇನರ್ ನನ್ನ ಕಡೆ ನೋಡಿದ. ಬೆಂಚಿನ ಹುಡುಗರೆಲ್ಲ ನೋಡಿದರು. ಮೊಮ್ಮಗನ ಗೋಲು ಬಿಟ್ಟು ಅಜ್ಜಿಯೂ ನೋಡಿದರು. ನಾನು ಲೋಟದೊಳಗೆ ನೋಡಿದೆ. ಟ್ರೇನರ್ ನಗುತ್ತ ವಿನಾಯಕನನ್ನು ಎಬ್ಬಿಸಿ, ಗೆರೆಯುದ್ದಕ್ಕೂ ಹೋಗಿ ಬರುತ್ತಿರು ಎಂದು ಬೆನ್ನು ತಟ್ಟಿದ. ಇಳಿದ ಮೇಲೆ ಹೇಳು ಎಂದೂ ಅಂದನಂತೆ. ವಿನಾಯಕ ಊಟದ ನಂತರ ಶತಪಥ ಹಾಕುವ ಹಿರಿಯರಂತೆ ಗೆರೆಯ ಪಕ್ಕ ತಿರುಗಾಡತೊಡಗಿದ. ಗೌರಿ ಅವನ ಬೆರಳು ಹಿಡಿದು ಜೊತೆಗೆ ನಡೆದಳು, ದಣಿದ ಮೇಲೆ ಬಂದು ನಾಯಿಯ ಪಕ್ಕ ಕೂತಳು.

ಆಟ ಮುಗಿಯಲು ಬಂತು. ಯೂನಿಯವರು ಸೋಲುತ್ತಿದ್ದರು, ಇನ್ನು ಗೆಲ್ಲುವ ಪ್ರಶ್ನೆ ಉಳಿದಿರಲಿಲ್ಲ. ಆಗ ಟ್ರೇನರ್ ಕೂಗಿ ಕೇಳಿದ. ವಿನಾಯಕ ತಲೆಯಾಡಿಸಿದ. ಕೆಂಪುಗೂದಲಿನವನು ಹೊರಗೆ ಬಂದ, ವಿನಾಯಕ ಒಳಗೆ ಹೋದ.

"ಅಮ್ಮಾ, ಇಳೀತು" ಎಂದಳು ಗೌರಿ, ಎದ್ದು ನಿಂತು.

ಆಮೇಲೆ ನಡೆದದ್ದನ್ನು ಇದ್ದಂತೆಯೇ ಹೇಳುತ್ತೇನೆ. ವಿನಾಯಕ ಚೆಂಡಿನ ಹಿಂದೆ ಓಡಿದ, ಚೆಂಡು ಬೇರೆ ಕಡೆ ಹೋಯಿತು. ಅವನು ಅಲ್ಲಿಗೂ ಓಡಿದ, ಅದು ಮತ್ತೆ ಹಿಂದೆ ಬಂತು. ಕೊನೆಗೆ ಯಾರದೋ ಕಾಲಿಗೆ ತಾಗಿ ಚೆಂಡು ಗೆರೆ ದಾಟಿ ನಮ್ಮ ಹತ್ತಿರವೇ ಉರುಳಿ ನಿಂತಿತು. ವಿನಾಯಕ ಬಂದ, ಚೆಂಡನ್ನು ಎರಡೂ ಕೈಯಲ್ಲಿ ಎತ್ತಿದ, ತಲೆಯ ಮೇಲಕ್ಕೆ ಹಿಡಿದ. ಎಲ್ಲರೂ ನಿಂತು ಅವನನ್ನೇ ನೋಡುತ್ತಿದ್ದರು. ಎಸೆದ. ಅದು ಎದುರಾಳಿಯ ಪಾಲಾಯಿತು. ಸೀಟಿ ಊದಿದರು, ಆಟ ಮುಗಿಯಿತು.

ಅದಕ್ಕೂ ಮೊದಲು ಬೇರೆ ಹುಡುಗರೂ ಗೆರೆ ದಾಟಿದ ಚೆಂಡನ್ನು ಎಷ್ಟೋ ಸಲ ಹಾಗೆ ಕೈಯಿಂದಲೇ ಎಸೆದಿದ್ದರು. ಆಗೆಲ್ಲ ಗೌರಿ ಒಂದೋ ಬೆಂಚಿನ ದಾರಿಯಲ್ಲಿದ್ದಳು, ಇಲ್ಲವೇ ನಾಯಿಯ ಹೊಟ್ಟೆ ತುರಿಸುತ್ತಿದ್ದಳು.

ನಮ್ಮ ಹಿರಿಯರು ಕರ್ಮೇಂದ್ರಿಯಗಳನ್ನು ಎಣಿಸುವಾಗ ಪಾಣಿಯನ್ನು, ಅಂದರೆ ಕೈಯನ್ನು, ಪಾದಕ್ಕಿಂತ ಮೊದಲು ಹೇಳುತ್ತಾರೆ. ಮನುಷ್ಯ ಎರಡು ಕಾಲಿನ ಮೇಲೆ ಎದ್ದು ನಿಂತದ್ದರಿಂದಲೇ ಅವನ ಕೈಗಳಿಗೆ ಬಿಡುವಾಯಿತು, ಆ ಬಿಡುವಿನಲ್ಲೇ ಅವನು ಮಡಕೆ ಮಾಡಿದ, ಬಟ್ಟೆ ನೇಯ್ದ, ಹೋಳಿಗೆ ತಟ್ಟಿದ. ಅಂಥ ಕೈಯನ್ನು ಸುಮ್ಮನೆ ತೂಗಾಡಲು ಬಿಟ್ಟು, ಕೆಲಸವನ್ನೆಲ್ಲ ಕಾಲಿಗೆ ವಹಿಸುವ ಆಟವೊಂದನ್ನು ಲೋಕವೆಲ್ಲ ಇಷ್ಟು ಪ್ರೀತಿಸುವುದೇಕೆ ಎಂದು ನನಗೆ ಈವರೆಗೂ ಅರ್ಥವಾಗಿಲ್ಲ. ಕೈಯಿಂದ ಎತ್ತಿಕೊಂಡು ಹೋಗಿ ಬಲೆಯಲ್ಲಿಟ್ಟು ಬಂದರೆ ಎಲ್ಲರೂ ಬೇಗ ಮನೆಗೆ ಹೋಗಬಹುದಲ್ಲ ಎಂದು ಆಟದ ನಡುವೆ ಗೌರಿಗೂ ಅನ್ನಿಸಿತ್ತು. ಚೆಂಡನ್ನು ಕೈಯಲ್ಲಿ ಮುಟ್ಟಬಾರದು, ಮುಟ್ಟಿದರೆ ಬೈಯುತ್ತಾರೆ ಎಂದು ನಾನೇ ಹೇಳಿಕೊಟ್ಟಿದ್ದೆ.

ವಾಪಸು ಟ್ರಾಮಿನಲ್ಲಿ ವಿನಾಯಕ ಕಿಟಕಿಗೆ ತಲೆ ಆನಿಸಿ ಕೂತಿದ್ದ.

"ತಪ್ಪ್ ನಂದs ಆತಪಾ" ಎಂದೆ ನಾನು.

"ಹೋಳಿಗಿದೇನ್ ತಪ್ಪ್ ಇಲ್ರೀ ವೈನಿ, ಹೋಳಿಗಿ ಛಲೋ ಇದ್ವು. ಆದ್ರ ನಾ ಆಡೇ ಇಲ್ಲಲ್ರೀ. ಒಂದ್ ಥ್ರೋ ಒಗದೆ, ಅದೂ ಅವರಿಗೇ ಹೋತು. ಗೌರಿ ಪಾಪ, ಅಷ್ಟ ದೂರದಿಂದ ಬಂದಿದ್ಲು."

ಗೌರಿ ಅವನ ಮಡಿಲಿನಲ್ಲಿ ಕೂತು ಅವನ ಎರಡೂ ಅಂಗೈಗಳನ್ನು ತಿರುವಿ ಮುರುವಿ ನೋಡುತ್ತಿದ್ದಳು.

"ಕಾಕಾ, ಅವ್ರೆಲ್ಲಾ ಮುಟ್ಟಿದ್ರ ಬೈತಾರ. ನಿನಗ ಮಾತ್ರ ಕೈಲೆ ಹಿಡ್ಯಾಕ ಕೊಟ್ರು. ಎಲ್ಲಾರೂ ನಿಂತ್ ನೋಡಿದ್ರು."

ವಿನಾಯಕ ನನ್ನ ಕಡೆ ನೋಡಿದ. ನಿಯಮವನ್ನು ಪೂರ್ತಿ ಹೇಳಿಕೊಡಬೇಕಾದದ್ದು ನಾನು. ನಾನು ಕಿಟಕಿಯಾಚೆ ಎಲ್ಬೆ ನದಿಯನ್ನು ನೋಡಿದೆ. ತಾಯಿಯಾದವಳು ಮಗುವಿಗೆ ಕಲಿಸಬೇಕಾದದ್ದು ಬಹಳ ಇದೆ. ಎಲ್ಲವನ್ನೂ ಶನಿವಾರವೇ ಕಲಿಸಬೇಕೆಂದಿಲ್ಲ.

"ಹೌದು ತಂಗಿ" ಎಂದ ವಿನಾಯಕ, "ಭಾರಿ ಇತ್ತು ಚೆಂಡು."

ಸಂಜೆಗೆ ಮಂಡಕ್ಕಿ ನೆನೆಸಿ ಸುಶಲಾ ಮಾಡಿದೆ, ಮೇಲೆ ಪುಟಾಣಿ ಪುಡಿ, ಹಸಿ ಈರುಳ್ಳಿ. ವಿನಾಯಕ ಒಂದು ಸಲ ಹಾಕಿಸಿಕೊಂಡು ಸಾಕೆಂದ. ನಾನು ಪಾತ್ರೆ ಮುಚ್ಚಿದೆ. ಮುಚ್ಚಲು ಕೈ ಕೇಳಲಿಲ್ಲ, ಆದರೂ ಮುಚ್ಚಿದೆ. ಅವನು ತಟ್ಟೆ ಕೆಳಗಿಟ್ಟವನು ಸೋಫಾದ ಮೇಲೆ ಕೂತಲ್ಲೇ ನಿದ್ದೆ ಹೋದ. ಇವತ್ತು ಮನೆಯಲ್ಲಿ ಮೊದಲು ಮಲಗಿದವನು ಅವನೇ. ಶಿಫ್ಟು ಮುಗಿಸಿ ಬಂದ ನಮ್ಮ ಮನೆಯವರು ಬೂಟು ಬಿಚ್ಚುತ್ತ ಎಂದಿನಂತೆ ಗಟ್ಟಿಯಾಗಿ, "ಏನಪಾ ಗುರು, ಗೆದ್ರೋ ಸೋತ್ರೋ?" ಎಂದರು.

ಗೌರಿ ಬಾಯಿಯ ಮೇಲೆ ಬೆರಳಿಟ್ಟುಕೊಂಡು ಅವರ ಬಳಿಗೆ ನಡೆದಳು. "ಸುಮ್ನಿರಪ್ಪಾ" ಎಂದಳು ಪಿಸುದನಿಯಲ್ಲಿ, "ಕಾಕಾ ಆಡಿ ಬಂದಾನ."